ನಿಂತ ಹೋರಿಯ ಕೊಬ್ಬರಿ

ಹೋರಿಯ ಕಣ್ಣಿಗೆ ಹಾಕುವ ಔಷಧ ತರಲೆಂದು ಶಿಕಾರಿಪುರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ತಲೆ ಎತ್ತಿದರೆ ಅದೇ ಹೋರಿ ಎದುರಿಗೇ ನಿಂತಿದೆ, ಆಳೆತ್ತರದ ಫ್ಲೆಕ್ಸಿನಲ್ಲಿ. ಎಂಟು ವರ್ಷದ ಹಿಂದಿನ ಫೋಟೊ. ಪಕ್ಕದಲ್ಲಿ ಹೋರಿಗಿಂತ ದಪ್ಪಗೆ ನನ್ನ ಮೈದುನನ ಮಗ ಕೊಟ್ರೇಶ, ಕಪ್ಪು ಕನ್ನಡಕ ಹಾಕಿಕೊಂಡು ಕೈಮುಗಿದಿದ್ದಾನೆ. ‘ಸೋಲಿಲ್ಲದ ಸರದಾರ ಉಡುತಡಿ ಸಿಡಿಲು: ಬೀಳ್ಕೊಡುಗೆ ಓಟ’ ಎಂದು ಬರೆದಿತ್ತು. ಕೆಳಗೆ ಮೂವತ್ತು ಹುಡುಗರ ಮುಖ. ಸಿಡಿಲಿಗೆ ಹದಿನಾರು ವರ್ಷ ತುಂಬಿದೆ, ಬಲಗಣ್ಣಿಗೆ ಪೊರೆ ಬಂದಿದೆ, ಮುಂಗಾಲಿನ ಮಂಡಿ ಊದಿದೆ ಎಂದು ಎಲ್ಲೂ ಬರೆದಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮ ಉಡುತಡಿ ಕಡೆ ದೀಪಾವಳಿ ಕಳೆಯಿತೆಂದರೆ ಹೋರಿ ಹಬ್ಬ. ಕೊರಳಿಗೆ ಕೊಬ್ಬರಿ ಹಾರ ಕಟ್ಟಿ ಹೋರಿಯನ್ನು ಜನರ ನಡುವೆ ಬಿಡುತ್ತಾರೆ. ಹಿಡಿಯುವವರು ಮೇಲೆ ಬಿದ್ದು ಕೊಬ್ಬರಿ ಹರಿಯಬೇಕು, ಹೋರಿ ಯಾರ ಕೈಗೂ ಸಿಗದೆ ಅಖಾಡ ದಾಟಬೇಕು. ಸಿಗದೆ ಹೋದ ಹೋರಿಗೆ ಬೈಕು, ಬೀರು, ಮೆರವಣಿಗೆ. ಒಮ್ಮೆ ಕೊಬ್ಬರಿ ಹರಿಯಿತೋ, ಅದು ಸಿಕ್ಕ ಹೋರಿ. ಅದರ ಹೆಸರು ಅಲ್ಲಿಗೆ ಇಳಿಯಿತು. ನಮ್ಮ ಯಜಮಾನರು ಮಹೇಶ್ವರಪ್ಪ ಸಾಕಿದ ಹೋರಿ ಎಂಟು ವರ್ಷ ಓಡಿತು, ಒಂದು ಸಲವೂ ಸಿಗಲಿಲ್ಲ. ಅಭಿಮಾನಿಗಳಿಗೆ ಅದು ಸಿಡಿಲು, ನನಗೆ ಬಸಣ್ಣ. ನಾಲ್ಕು ವರ್ಷದ ಹಿಂದೆ ಯಜಮಾನರು ತೀರಿಕೊಂಡರು, ಅಲ್ಲಿಂದ ಈಚೆಗೆ ಬಸಣ್ಣ ಅಖಾಡ ಕಂಡಿಲ್ಲ.

ಹಿಸ್ಸೆಯಾದಾಗ ಹೋರಿ ಮೈದುನನ ಪಾಲಿಗೆ ಹೋಯಿತು. ಹೋಯಿತು ಅಂದರೆ ಬರವಣಿಗೆಯಲ್ಲಿ. ಕಟ್ಟಿದ್ದು ನನ್ನ ಕೊಟ್ಟಿಗೆಯಲ್ಲೇ. ಕಾಗದದಲ್ಲಿ ಹೋರಿ ಅವರದು, ಸಗಣಿ ನನ್ನದು. ನಾಲ್ಕು ವರ್ಷದಲ್ಲಿ ಕೊಟ್ರೇಶ ಅದನ್ನು ನೋಡಲು ಬಂದದ್ದು ಮೂರು ಸಲ. ಒಮ್ಮೆ ತನ್ನ ಹುಟ್ಟುಹಬ್ಬಕ್ಕೆ ಬಾಳೆಗೊನೆ ಹಿಡಿದು ಹನ್ನೆರಡು ಹುಡುಗರ ಜೊತೆ ಬಂದ. ಮೊಬೈಲ್ ಎದುರು ಎರಡು ಹಣ್ಣು ತಿನ್ನಿಸಿದ. ಉಳಿದದ್ದನ್ನು ಹುಡುಗರು ತಿಂದು ಸಿಪ್ಪೆಯನ್ನು ಬಸಣ್ಣನ ಮುಂದೆ ಹಾಕಿ ಹೋದರು. ಅದಕ್ಕೆ ಗೋಸೇವೆ ಎಂದು ಸ್ಟೇಟಸ್ ಹಾಕಿದನಂತೆ.

ಔಷಧ ಮರೆತು ನೇರ ಅವನ ಗೊಬ್ಬರದಂಗಡಿಗೆ ಹೋದೆ.

“ಏನೋ ಇದು, ಕೊಟ್ರೇಶ?”

“ನೋಡಿದ್ರಾ ದೊಡ್ಡವ್ವಾ? ಇಲ್ಲಷ್ಟೇ ಅಲ್ಲ, ಸೊರಬದಾಗೂ ಹತ್ತು ಹಾಕ್ಸೀನಿ.”

“ಅದು ಹೊಂಡದ ತನಕ ನಡೆದ್ರೆ ಏದುಸಿರು ಬಿಡ್ತತಿ. ಓಡ್ಸಿದ್ರೆ ಎದಿ ಒಡೀತತಿ ಅಂತ ಡಾಕ್ಟ್ರು ಹೇಳ್ಯಾರ.”

“ಓಡ್ಸೋದೇನು, ನೂರು ಹೆಜ್ಜಿ. ದೊಡ್ಡಪ್ಪನ ಹೆಸರು ಉಳೀಬೇಕಲ್ರೀ.”

“ನಿನ್ನ ಹೆಸರು ಅನ್ನು. ಪಂಚಾಯ್ತಿ ಎಲೆಕ್ಷನ್ ಹತ್ರ ಬಂತಲ್ಲ.”

ಅವನು ನಕ್ಕ. “ಹೋರಿ ನಮ್ಮ ಪಾಲಿಂದು ದೊಡ್ಡವ್ವಾ. ನೀವು ಇಷ್ಟು ದಿನ ನೋಡ್ಕಂಡೀರಿ, ಅದಕ್ಕ ವೇದಿಕೆ ಮ್ಯಾಲೆ ನಿಮಗೊಂದು ಶಾಲು ಹಾಕ್ತೀವಿ. ಓಟ ಮುಗಿದ ಮ್ಯಾಲೆ ಯಾವುದಾದ್ರೂ ಗೋಶಾಲೆಗೆ ಬಿಟ್ಟರಾತು. ನಿಮಗೂ ವಯಸ್ಸಾತು.”

ನನ್ನನ್ನೂ ಹೋರಿಯನ್ನೂ ಒಂದೇ ಗೂಟಕ್ಕೆ ಕಟ್ಟಿಬಿಟ್ಟ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜಾತಿ ಇದು ಎಂದು ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಹೇಳಿ ಬಂದೆ. ಹೇಳಿ ಏನು ಬಂತು? ಓಟಕ್ಕೆ ಹದಿನೈದು ದಿನ ಉಳಿದಿತ್ತು. ಬಸಣ್ಣ ಒಲ್ಲೆ ಎನ್ನುವುದಿಲ್ಲ, ಅದೇ ನನ್ನ ಹೆದರಿಕೆ. ಹಲಗೆ ಬಡಿಯುವ ಸದ್ದು ಕಿವಿಗೆ ಬಿದ್ದರೆ ಅದಕ್ಕೆ ತನ್ನ ವಯಸ್ಸು ಮರೆತುಹೋಗುತ್ತದೆ. ಎದೆ ಒಡೆಯುವವರೆಗೂ ಓಡುತ್ತದೆ.

ಈಗ ಶಿವರಾಮನ ವಿಷಯ ಹೇಳಬೇಕು.

ಚಂದ್ರಗುತ್ತಿ ಕಡೆಯ ಒಂದು ಸಣ್ಣ ಊರಿನವನು. ಒಂದು ಕಾಲದಲ್ಲಿ ಸೊರಬ ಸೀಮೆಯಲ್ಲಿ ಅವನಂಥ ಹೋರಿ ಹಿಡಿಯುವವನು ಇರಲಿಲ್ಲ. ಅವನ ಕೈ ಬಿದ್ದ ಕೊಬ್ಬರಿ ಉಳಿದದ್ದಿಲ್ಲ, ನಮ್ಮ ಬಸಣ್ಣನದೊಂದು ಬಿಟ್ಟು. ಹತ್ತು ವರ್ಷದ ಹಿಂದೆ ಬಸಣ್ಣ ಅವನನ್ನು ಎತ್ತಿ ಒಗೆಯಿತು, ಸೊಂಟದ ಮೂಳೆ ಮುರಿಯಿತು. ಆರು ತಿಂಗಳು ಮಲಗಿದ. ಎದ್ದಮೇಲೆ ಎಡಗಾಲು ಎಳೆದು ನಡೆಯುತ್ತಾನೆ, ಹೋರಿ ಹಿಡಿಯುವುದು ಅಲ್ಲಿಗೆ ಮುಗಿಯಿತು.

ಯಜಮಾನರು ಹೋದ ಎರಡನೇ ತಿಂಗಳು ಇವನು ಹೆಗಲ ಮೇಲೊಂದು ಚೀಲ ಹೊತ್ತು ನಮ್ಮ ಹಿತ್ತಲ ಬಾಗಿಲಿಗೆ ಬಂದ. ಹೋರಿಗೆ ಶಾಪ ಹಾಕಲು ಬಂದನೋ ಎಂದು ನಾನು ಪೊರಕೆ ಹಿಡಿದೇ ನಿಂತೆ. ಚೀಲದಲ್ಲಿ ಹುರುಳಿ ಇತ್ತು.

“ಯಾಕೆ ತಂದೆ?” ಎಂದೆ.

“ನನ್ನ ಸೋಲ್ಸಿದ್ದು ಇದೊಂದೇ ಅಕ್ಕಾ. ಇದು ಹೊಟ್ಟೆಗಿಲ್ದೆ ಸತ್ರೆ ಮರ್ಯಾದೆ ಹೋಗೋದು ನಂದು.”

ಆಮೇಲೆ ಪ್ರತಿ ತಿಂಗಳು ಬಂದ, ಎರಡು ಬಸ್ಸು ಬದಲಿಸಿ. ಬಸಣ್ಣನ ಹಲ್ಲು ಸವೆದದ್ದು ಕಂಡ ಮೇಲೆ ಹುರುಳಿಯನ್ನು ಗಿರಣಿಯಲ್ಲಿ ಒಡೆಸಿ ತರತೊಡಗಿದ. ಒಂದು ಹಿಡಿಯನ್ನು ಅಂಗೈಯಲ್ಲಿಟ್ಟು ತಾನೇ ತಿನ್ನಿಸುತ್ತಿದ್ದ, ಉಳಿದದ್ದು ನನಗೆ ಬಿಡುತ್ತಿದ್ದ. ಒಂದು ಫೋಟೊ ತೆಗೆಸಿಕೊಳ್ಳಲಿಲ್ಲ. ಯಾರಿಗೂ ಹೇಳಬೇಡಿ ಎಂದಿದ್ದ. ಓಣಿಯವರು ಕೇಳಿದರೆ ಹುರುಳಿ ಮಾರುವವನು ಎನ್ನುತ್ತಿದ್ದೆ.

ಓಟಕ್ಕೆ ಐದು ದಿನವಿದ್ದಾಗ ಅವನು ಬಂದ. ಅಷ್ಟರಲ್ಲಿ ನನ್ನ ತಲೆಯಲ್ಲಿ ಒಂದು ಉಪಾಯ ಕುದಿಯುತ್ತಿತ್ತು.

ಐದಾರು ವರ್ಷದ ಹಿಂದೆ ಕೊಟ್ರೇಶ ಪಕ್ಕದೂರಿನ ಹೋರಿಯೊಂದರ ಕೊಬ್ಬರಿಯನ್ನು ಅಖಾಡದಲ್ಲಲ್ಲ, ಓಣಿಯಲ್ಲಿ ಹರಿದಿದ್ದ. ಹಗ್ಗ ಬಿಚ್ಚಿ ಯಾರೋ ಬೆನ್ನಿನ ಜೂಲು ಬಟ್ಟೆ ಸರಿಮಾಡುತ್ತಿದ್ದಾಗ ಹಿಂದಿನಿಂದ ಹೋಗಿ ಕಿತ್ತಿದ್ದ. ದೊಡ್ಡ ಜಗಳವಾಯಿತು. ಕೊಬ್ಬರಿ ಕಟ್ಟಿ ಹಗ್ಗ ಬಿಚ್ಚಿದ ಮೇಲೆ ನಿಂತ ಹೋರಿಯೂ ಓಡುವ ಹೋರಿಯೇ ಎಂದು ಹಿರಿಯರು ತೀರ್ಮಾನ ಕೊಟ್ಟರು. ಎರಡೂ ಕಡೆಯವರು ಮೊದಲೇ ಮಾತಾಡಿಕೊಂಡು ಹರಿದಿದ್ದರೆ ಮಾತ್ರ ಲೆಕ್ಕಕ್ಕಿಲ್ಲ ಎಂದರು. ಹಿಡಿದವನಿಗೆ ಇಟ್ಟಿದ್ದ ಬೀರನ್ನು ಕೊಟ್ರೇಶ ಗೆದ್ದ. ಆ ಬೀರು ಇಂದಿಗೂ ಅವನ ಪಡಸಾಲೆಯಲ್ಲಿದೆ.

ಇನ್ನು ನಮ್ಮ ಮನೆಯ ಪದ್ಧತಿ. ಹಗ್ಗವಿರುವ ಕೊರಳಿಗೆ ಮೊದಲ ಕೊಬ್ಬರಿ ಕಟ್ಟುವಂತಿಲ್ಲ. ಅಂಗಳದಲ್ಲಿ ಹಗ್ಗ ಬಿಚ್ಚಿ, ಮನೆಯ ಹೆಂಗಸು ಕೊಬ್ಬರಿ ಕಟ್ಟಿ, ಆರತಿ ಎತ್ತಿ, ಆಮೇಲೆ ಮತ್ತೆ ಹಗ್ಗ ಹಾಕಿ ಅಖಾಡಕ್ಕೆ ಒಯ್ಯಬೇಕು. ಇಷ್ಟು ವರ್ಷ ಕಟ್ಟಿದವಳು ನಾನು. ಆ ಎರಡು ನಿಮಿಷ ಹೋರಿಯ ಮೇಲೆ ಹಗ್ಗವಿರುವುದಿಲ್ಲ. ಆಗ ಯಾರಾದರೂ ಬಂದು ಕೊಬ್ಬರಿ ಹರಿದರೆ ಸಿಡಿಲು ಸಿಕ್ಕ ಹೋರಿಯಾಯಿತು. ಸಿಕ್ಕ ಹೋರಿಗೆ ಬೀಳ್ಕೊಡುಗೆ ಯಾರು ಮಾಡುತ್ತಾರೆ?

ಇದನ್ನೆಲ್ಲ ಶಿವರಾಮನಿಗೆ ಹೇಳಿದೆ. ಹೇಳಿ, ದೊಡ್ಡ ದಾನ ಮಾಡುವವಳ ಹಾಗೆ ಸೇರಿಸಿದೆ: “ಜನ್ಮದಾಗೆ ನಿನಗೆ ಸಿಗದಿದ್ದ ಕೊಬ್ಬರಿ ಅದು. ನಾನೇ ಕೊಡ್ತೀನಿ, ತಗಾ.”

ಅವನು ಬಸಣ್ಣನ ಕಡೆ ನೋಡಿದ. “ನಿಂತಾಗ ಹರೀಬೇಕಾ ಅಕ್ಕಾ?”

“ಮತ್ತಿನ್ನೇನು? ಓಡೋದನ್ನ ಹಿಡಿಯಾಕೆ ನಿನಗ ಸೊಂಟ ಎಲ್ಲೈತಿ?”

ನನ್ನ ನಾಲಿಗೆಯೇ ಹಾಗೆ. ಬಸಣ್ಣ ಅವನ ಖಾಲಿ ಅಂಗೈಯನ್ನು ನೆಕ್ಕುತ್ತಿತ್ತು, ಅದನ್ನು ಸಾಕಷ್ಟು ಹೊತ್ತು ನೆಕ್ಕಲು ಬಿಟ್ಟ.

“ಆತು, ಬರ್ತೆ. ಆದ್ರೆ ನೀವು ನಂಗೆ ಬೈಬೇಕು. ಎಲ್ಲರೆದುರು, ಜೋರಾಗಿ. ಇಲ್ದಿದ್ರೆ ಇವರಿಬ್ರೂ ಮಾತಾಡ್ಕಂಡಿದ್ದು ಅಂತ ಗೊತ್ತಾಗ್ತದೆ, ಆಮೇಲೆ ಲೆಕ್ಕಕ್ಕಿಲ್ಲ ಅಂತಾರೆ.”

“ಬೈಯೋದು ನನಗ ಹೇಳ್ಕೊಡ್ಬೇಕಾ?” ಎಂದೆ. ಇಬ್ಬರೂ ನಕ್ಕೆವು.

ಓಟದ ದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಿಡಿಲು ಎಂದು ಬರೆದ ಬನಿಯನ್ ತೊಟ್ಟ ಹುಡುಗರು, ಹಲಗೆಯವರು, ನಲವತ್ತು ಐವತ್ತು ಮೊಬೈಲು. ಕೊಟ್ರೇಶ ಹೊಸ ಬಿಳಿ ಅಂಗಿಯಲ್ಲಿ ಓಡಾಡುತ್ತಿದ್ದ. ಬಸಣ್ಣನ ಕೋಡಿಗೆ ಬಣ್ಣ ಬಳಿದು ಬಲೂನು ಕಟ್ಟಿದ್ದರು. ಊದಿದ ಮಂಡಿ ಕಾಣದ ಹಾಗೆ ಜೂಲನ್ನು ಇಳಿಬಿಟ್ಟಿದ್ದರು.

ಹಲಗೆ ಶುರುವಾಯಿತು. ಬಸಣ್ಣ ಕಿವಿ ನೆಟ್ಟಗೆ ಮಾಡಿ ಮುಂಗಾಲಿಂದ ನೆಲ ಕೆರೆಯತೊಡಗಿತು. ನಾನು ಹಗ್ಗ ಬಿಚ್ಚಿದೆ, ಕೊಬ್ಬರಿ ಕಟ್ಟಿದೆ, ಆರತಿ ತಟ್ಟೆ ಕೈಗೆತ್ತಿಕೊಂಡೆ.

ಜನರ ನಡುವಿನಿಂದ ಶಿವರಾಮ ಬಂದ. ಒಗೆದ ಬಿಳಿ ಪಂಚೆ ಉಟ್ಟಿದ್ದ. ಕಾಲು ಎಳೆಯುತ್ತ, ಅವಸರವಿಲ್ಲದೆ ಬಂದ. ಬಸಣ್ಣ ನೆಲ ಕೆರೆಯುವುದನ್ನು ನಿಲ್ಲಿಸಿ ಅವನತ್ತ ತಿರುಗಿ ತಲೆ ತಗ್ಗಿಸಿತು. ಹುರುಳಿ ಸಿಗುತ್ತದೆ ಎಂದುಕೊಂಡಿರಬೇಕು. ನೋಡುವವರಿಗೆ ಸಿಡಿಲು ಶರಣಾದಂತೆ ಕಂಡಿತು. ಶಿವರಾಮ ಕೊರಳಿಗೆ ಕೈ ಹಾಕಿ ಕೊಬ್ಬರಿ ಹರಿದ, ತಲೆಯ ಮೇಲೆ ಎತ್ತಿ ಹಿಡಿದ. ಹಲಗೆ ನಿಂತುಹೋಯಿತು.

ಆಗ ನಾನು ಬಾಯಿ ತೆಗೆದೆ.

“ಏ ಕುಂಟ! ನಿಂತ ಮುದುಕನ ಕೊರಳಿಗೆ ಕೈ ಹಾಕೀಯಲ್ಲ, ಗಂಡಸೇನೋ ನೀನು? ಓಡುವಾಗ ಸೊಂಟ ಮುರಿಸ್ಕಂಡು ಈಗ ಕಳ್ಳನಂಗ ಬಂದೀಯಾ? ಹೆಣದ ಮುಂದ ಎರಚಿದ ಮಂಡಕ್ಕಿ ಆರಿಸ್ಕಣ ಕೈ ನಿಂದು.”

ಕಳ್ಳ ಎಂದಿದ್ದರೆ ಸಾಕಿತ್ತು. ಸೊಂಟದ ಮಾತು ಬೇಕಿರಲಿಲ್ಲ, ಮಂಡಕ್ಕಿಯ ಮಾತಂತೂ ಬೇಕಿರಲೇ ಇಲ್ಲ. ಕೊಟ್ರೇಶನ ಮೇಲಿನ ಸಿಟ್ಟು, ಆ ಬಾಳೆಸಿಪ್ಪೆಯ ಸಿಟ್ಟು, ಗಂಡ ಸತ್ತು ನಾಲ್ಕು ವರ್ಷ ಒಬ್ಬಳೇ ಸಗಣಿ ಬಾಚಿದ ಸಿಟ್ಟು ಎಲ್ಲ ಸೇರಿ ಆ ಮನುಷ್ಯನ ಮೇಲೆ ಬಿತ್ತು. ಬಾಯಿಗೆ ರುಚಿ ಹತ್ತಿತ್ತು, ನಿಲ್ಲಿಸಲಿಲ್ಲ. ಶಿವರಾಮ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡ. ಕೊಬ್ಬರಿಯನ್ನು ಕಟ್ಟೆಯ ಮೇಲಿಟ್ಟು ಬಸ್ಸಿನ ದಾರಿ ಹಿಡಿದ. ಹುಡುಗರು ಅವನ ಹಿಂದೆ ಸಿಳ್ಳೆ ಹಾಕುತ್ತ ಹೋದರು.

“ಇದು ನಡಿಯಂಗಿಲ್ಲ,” ಎಂದು ಕೊಟ್ರೇಶ ಕೂಗಾಡಿದ. “ಇದು ಅಖಾಡ ಅಲ್ಲ, ಅಂಗಳ.”

ಊರಿನ ಹಿರಿಯ ಆನಂದಪ್ಪನವರು ಕಟ್ಟೆಯ ಮೇಲೆ ಕೂತವರು ಏಳಲೂ ಇಲ್ಲ. “ಬೀರು ಒಯ್ದ ದಿನ ನಿನಗ ಓಣೀನೂ ಅಖಾಡಾನೇ ಆಗಿತ್ತಲ್ಲೋ ತಮ್ಮಾ,” ಎಂದರು. ಅಂಗಳವೆಲ್ಲ ನಕ್ಕಿತು. ಸಂಜೆಯೊಳಗೆ ಫ್ಲೆಕ್ಸು ಇಳಿದವು. ವಾರ ಕಳೆಯುವುದರೊಳಗೆ ಕೊಟ್ರೇಶ ಹೊಸ ಎಳೆಯ ಹೋರಿಯೊಂದನ್ನು ತಂದ. ಸಿಕ್ಕ ಹೋರಿಯನ್ನು ನೀವೇ ಇಟ್ಕಳ್ರಿ ಎಂದು ಹೇಳಿ ಕಳಿಸಿದ. ನನಗೆ ಬೇಕಾದದ್ದು ಸಿಕ್ಕಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ, ಸುಳ್ಳೇಕೆ ಹೇಳಲಿ.

ಮುಂದಿನ ತಿಂಗಳು ಶಿವರಾಮ ಬರಲಿಲ್ಲ. ಹತ್ತು ದಿನ ಕಾದೆ. ಬಸಣ್ಣ ಹಿತ್ತಲ ಬಾಗಿಲ ಕಡೆಗೇ ಮುಖ ಮಾಡಿ ಮಲಗುತ್ತಿತ್ತು. ಹನ್ನೊಂದನೆಯ ದಿನ ನಾನೇ ಬಸ್ಸು ಹತ್ತಿದೆ. ಸೊರಬದಲ್ಲಿ ಇಳಿದು ಚಂದ್ರಗುತ್ತಿ ಬಸ್ಸಿಗೆ ಕಾಯುವಾಗ ಚಹಾದಂಗಡಿಯಲ್ಲಿ ಅವನ ಊರಿನ ದಾರಿ ಕೇಳಿದೆ.

“ಯಾವ ಶಿವರಾಮ? ಮಂಡಕ್ಕಿ ಶಿವರಾಮನಾ?” ಎಂದ ಅಂಗಡಿಯವನು. ಅಲ್ಲಿದ್ದವರೆಲ್ಲ ನಕ್ಕರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು.

ಅವನ ಮನೆಯಲ್ಲಿ ಹೆಂಡತಿ ಶೇಷಮ್ಮ ಬಾಗಿಲು ತೆಗೆದಳು. ನನ್ನ ಮುಖ ಗೊತ್ತಿತ್ತು, ಅಂಗಳದಲ್ಲಿ ಹುಡುಗರು ತೆಗೆದು ಹರಡಿದ ವಿಡಿಯೊದಲ್ಲಿ ನೋಡಿದ್ದಾಳೆ. ಕೂರಿ ಎಂದಳು, ನೀರು ಕೊಟ್ಟಳು. ಅವರು ಗದ್ದೆಗೆ ಹೋಗಿದಾರೆ ಎಂದಳು. ಹಿತ್ತಲಲ್ಲಿ ಗಂಡಸಿನ ಕೆಮ್ಮು ಕೇಳಿಸಿತು. ನಾವಿಬ್ಬರೂ ಕೇಳಿಸದವರಂತೆ ಕೂತೆವು.

“ನಿಮ್ಮ ಹೋರಿ ಚೆನ್ನಾಗಿದ್ಯಾ?” ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿತ್ತು, ಮುಚ್ಚಿಡಲೂ ಇಲ್ಲ.

“ಐತಿ.”

“ನಮ್ಮನೆಯವ್ರು ಮೂವತ್ತು ವರ್ಷ ಹೋರಿ ಹಿಡಿದ್ರು ಅಕ್ಕಾ. ಒಂದು ದಿನಾನೂ ನಿಂತ ಹೋರಿ ಕೊಬ್ಬರಿ ಮುಟ್ಟಿದವ್ರಲ್ಲ. ಅದು ಅವರ ವ್ರತ ಇದ್ದಂಗೆ. ಸೊಂಟ ಮುರಿದ ಮೇಲೂ ನಮ್ಮೂರ ಹಬ್ಬದ ದಿನ ಹುಡುಗ್ರು ಬಂದು ಅವರ ಕಾಲು ಮುಟ್ಟಿ ಅಖಾಡಕ್ಕೆ ಹೋಗ್ತಿದ್ರು. ಈ ಸಲ ಬೆಳಿಗ್ಗೆನೇ ಸ್ನಾನ ಮಾಡಿ ಜಗಲಿ ಮೇಲೆ ಕೂತಿದ್ರು, ಮಧ್ಯಾಹ್ನ ಆದ್ರೂ ಎದ್ದಿಲ್ಲ. ಒಬ್ಬನೂ ಬರ್ಲಿಲ್ಲ.”

ನನಗೆ ನಾಚಿಕೆಯಾಯಿತು. ಅರವತ್ತಾರು ವರ್ಷದಲ್ಲಿ ಅಂಥ ನಾಚಿಕೆ ಕಂಡವಳಲ್ಲ. ಅವನಿಗೆ ಕೊಬ್ಬರಿ ದಾನ ಮಾಡಿದೆ ಎಂದುಕೊಂಡಿದ್ದೆನಲ್ಲ, ಅವನ ಹತ್ತಿರ ಉಳಿದಿದ್ದ ಒಂದೇ ಆಸ್ತಿಯನ್ನು ಇಸಿದುಕೊಂಡು ಬಂದಿದ್ದೆ. ಅವನು ಗೊತ್ತಿದ್ದೂ ಕೊಟ್ಟಿದ್ದ.

“ಈಗ್ಲೇ ಹೋಗಿ ಊರ ನಡುವೆ ನಿಂತು ನಿಜ ಹೇಳ್ತೀನಿ,” ಎಂದು ಎದ್ದೆ.

“ಕೂರಿ,” ಎಂದಳು ಶೇಷಮ್ಮ. “ನೀವು ಬಂದ್ರೆ ಹೇಳು ಅಂದಿದಾರೆ. ಹೋರಿ ಇರೋ ತನಕ ಬಾಯಿ ಬಿಡಬಾರ್ದಂತೆ. ಮಾತಾಡ್ಕಂಡಿದ್ದು ಅಂತ ಗೊತ್ತಾದ್ರೆ ನಿಮ್ಮ ಹುಡುಗ ಮತ್ತೆ ಓಡಿಸ್ತಾನೆ.” ಮೂಲೆ ತೋರಿಸಿದಳು. “ಚೀಲ ಅಲ್ಲಿದೆ. ಒಡೆಸಿಟ್ಟಿದಾರೆ. ಬಸ್ಸು ಹತ್ತೋಕೆ ಅವರಿಗೆ ಮುಖ ಇಲ್ಲ. ನೀವೇ ತಗಂಡು ಹೋಗಿ.”

ಚೀಲ ಹೊತ್ತುಕೊಂಡು ಬಂದೆ. ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗರಿಬ್ಬರು ಮೊಬೈಲಿನಲ್ಲಿ ಅದೇ ವಿಡಿಯೊ ಹಾಕಿದರು. ನನ್ನದೇ ದನಿ, ಕೆಳಗೆ ಹಲಗೆಯ ಸದ್ದು ಬೇರೆ ಸೇರಿಸಿದ್ದರು. ಮಂಡಕ್ಕಿ ಎಂದು ಬಂದಾಗಲೆಲ್ಲ ನಗುತ್ತಿದ್ದರು. ಯಾರ ಮಾತನ್ನೂ ಸಹಿಸದೆ ಬದುಕಿದವಳು ನಾನು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಚೀಲ ತಬ್ಬಿಕೊಂಡು ಶಿಕಾರಿಪುರದವರೆಗೆ ಬಾಯಿ ಮುಚ್ಚಿ ಕೂತೆ.

ಆಮೇಲೆ ತಿಂಗಳು ತಿಂಗಳು ಹೋಗಿ ತಂದೆ. ಶಿವರಾಮ ಒಂದು ಸಲವೂ ಎದುರಿಗೆ ಬರಲಿಲ್ಲ. ಹುರುಳಿ ಮಾತ್ರ ತಪ್ಪಲಿಲ್ಲ. ಬಸಣ್ಣ ಎಷ್ಟು ದಿನ ಬದುಕುತ್ತದೋ ಅಷ್ಟು ದಿನ ಅವನಿಗೆ ಆ ಹೆಸರು. ಅದನ್ನು ಬದುಕಿಸುವ ಹುರುಳಿಯೂ ಅವನದೇ. ಮರುವರ್ಷ ಹಬ್ಬ ಹತ್ತಿರ ಬಂದಾಗ ಕೊಟ್ರೇಶ ಅನುಮಾನ ಹಿಡಿದು ಬಂದ. “ಖರೇ ಹೇಳ್ರಿ ದೊಡ್ಡವ್ವಾ, ನೀವೂ ಅವನೂ ಮಾತಾಡ್ಕಂಡಿದ್ರಾ? ಹಂಗಿದ್ರೆ ಅದು ಲೆಕ್ಕಕ್ಕಿಲ್ಲ, ಈ ಸಲ ಬೀಳ್ಕೊಡುಗೆ ಮಾಡಾಣ.” ಕೊಟ್ಟಿಗೆಯಲ್ಲಿ ಬಸಣ್ಣ ಮೆಲುಕು ಹಾಕುತ್ತಿತ್ತು. “ಆ ಕುಂಟ ಕಳ್ಳನ ಜೊತೆ ನನಗೆಂಥ ಮಾತೋ?” ಎಂದೆ. ಎರಡನೇ ಸಲ ಅಂದೆ, ತಣ್ಣಗೆ, ಗೊತ್ತಿದ್ದು.

ಕಳೆದ ಸೋಮವಾರ ಬಸಣ್ಣ ಹೋಯಿತು. ತನ್ನ ಕೊಟ್ಟಿಗೆಯಲ್ಲಿ, ತನ್ನ ಹುಲ್ಲಿನ ಮೇಲೆ, ಯಾರೂ ಓಡಿಸದೆ. ಹೊಲದಲ್ಲಿ ಮಣ್ಣು ಮಾಡಿ ಕೈ ತೊಳೆದವಳೇ ಸೊರಬದ ಬಸ್ಸು ಹತ್ತಿದೆ. ಅದೇ ಚಹಾದಂಗಡಿಯ ಮುಂದೆ ನಿಂತು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಹದಿನಾಲ್ಕು ತಿಂಗಳ ಸಿಟ್ಟು ಇತ್ತು, ದನಿಗೆ ಕೊರತೆಯಿರಲಿಲ್ಲ. ಜನ ಕೇಳಿದರು. ಕೇಳಿ, ಒಬ್ಬ ಹುಡುಗ ಮೊಬೈಲಿನಲ್ಲಿ ನನ್ನದೇ ವಿಡಿಯೊ ತೆಗೆದು ನನ್ನ ಮುಖದೆದುರು ಹಿಡಿದ. “ಆವತ್ತು ಹಿಂಗಂದಿ, ಇವತ್ತು ಹಂಗಂತಿ. ಹೋರಿ ಸತ್ತಮೇಲೆ ಕತೆ ಕಟ್ತೀಯಾ ಅಜ್ಜಿ?” ಎಂದ. ನಂಬಲಿಲ್ಲ, ಒಬ್ಬರೂ ನಂಬಲಿಲ್ಲ. ನಾನು ಅಷ್ಟು ಚೆನ್ನಾಗಿ ಬೈದಿದ್ದೆ.

ಅದಕ್ಕೇ ಈಗ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ, ನಂಬುವವರು ಸಿಗುವವರೆಗೂ ಹೇಳುತ್ತೇನೆ. ನೀವು ಆ ಕಡೆ ಹೋದರೆ ಅವನ ಮನೆಗೊಮ್ಮೆ ಹೋಗಿ ಬನ್ನಿ. ಬರೀ ಶಿವರಾಮ ಎಂದರೆ ದಾರಿ ತೋರಿಸುವುದು ತಡವಾಗಬಹುದು, ಇನ್ನೊಂದು ಹೆಸರು ಹೇಳಿದರೆ ಚಿಕ್ಕ ಮಕ್ಕಳೂ ತೋರಿಸುತ್ತಾರೆ. ತಡವಾದರೂ ಆ ಹೆಸರು ಹೇಳಬೇಡಿ. ಅದು ನಾನು ಇಟ್ಟ ಹೆಸರು.